ಗುರುವಾರ ರಾತ್ರಿಯ ಗುಂಪು: ಮುಂಬಯಿಯ ಕನ್ನಡ ಸಭೆಯಲ್ಲಿ ಶಿಷ್ಯತ್ವವನ್ನು ಬೆಳೆಸಿದ ನನ್ನ ಅನುಭವ

ಮುಂಬಯಿಯಲ್ಲಿ ನಾವು ಆರಾಧನೆಗೆ ಸೇರುವ ಕಟ್ಟಡದಲ್ಲಿ ಭಾನುವಾರ ಬೆಳಿಗ್ಗೆ ಮರಾಠಿ ಸಭೆ, ಆಮೇಲೆ ತಮಿಳು ಸಭೆ, ಸಂಜೆ ನಮ್ಮ ಕನ್ನಡ ಸಭೆ ನಡೆಯುತ್ತದೆ. ನಮ್ಮವರಲ್ಲಿ ಹೆಚ್ಚಿನವರು ಕಲಬುರಗಿ, ಯಾದಗಿರಿ, ಬೀದರ್ ಕಡೆಯಿಂದ ಕಟ್ಟಡದ ಕೆಲಸಕ್ಕೆ, ವಾಚ್‌ಮನ್ ಕೆಲಸಕ್ಕೆ, ಮನೆಗೆಲಸಕ್ಕೆ ಬಂದವರು. ಉಳಿದವರು ಮಂಗಳೂರು ಮತ್ತು ಧಾರವಾಡದ ಕಡೆಯ ಹಳೆಯ ಕ್ರೈಸ್ತ ಕುಟುಂಬಗಳವರು, 1834ರಲ್ಲಿ ಮಂಗಳೂರಿಗೆ ಬಂದ, ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸೇವಾಸಂಸ್ಥೆಯಾದ ಬಾಸೆಲ್ ಮಿಷನ್ನಿನ ನೆನಪನ್ನು ಮನೆಯ ಕೀರ್ತನೆಗಳಲ್ಲಿ ಇನ್ನೂ ಉಳಿಸಿಕೊಂಡವರು. ವಿರಾರ್, ಕಲ್ಯಾಣ್, ಪನ್ವೇಲ್‌ಗಳಿಂದ ಬರುವ ಇವರೆಲ್ಲರಿಗೂ ಭಾನುವಾರ ಸಂಜೆ ಲೋಕಲ್ ರೈಲು ಹಿಡಿದು ಮನೆ ಸೇರಬೇಕಾದ ಅವಸರವಿರುವುದರಿಂದ, ಆಶೀರ್ವಾದವಾದ ಹತ್ತೇ ನಿಮಿಷಗಳಲ್ಲಿ ಅಂಗಳ ಖಾಲಿಯಾಗುತ್ತದೆ. ಪರಸ್ಪರ ಕ್ಷೇಮ ಕೇಳುವುದಕ್ಕೂ ಸಮಯವಿರದ ಇಂಥ ಸಭೆಯಲ್ಲಿ ಹೊಸದಾಗಿ ದೀಕ್ಷಾಸ್ನಾನ ಪಡೆದವರನ್ನೂ ದೃಢೀಕರಣವಾದ, ಅಂದರೆ ತಮ್ಮ ವಿಶ್ವಾಸವನ್ನು ಸಭೆಯ ಮುಂದೆ ತಾವೇ ಒಪ್ಪಿಕೊಂಡ, ಯುವಕರನ್ನೂ ಯೇಸುವಿನ ಶಿಷ್ಯರಾಗಿ ಬೆಳೆಯುವಂತೆ ನೋಡಿಕೊಳ್ಳುವ ಹೊಣೆಯನ್ನು ನಮ್ಮ ಅಯ್ಯನವರು, ಅಂದರೆ ಸಭಾಪಾಲಕರು, ನನಗೆ ವಹಿಸಿದರು.

ನಾನು ಸಭಾಪಾಲಕನಲ್ಲ, ನೌಕರಿಯಲ್ಲಿದ್ದುಕೊಂಡೇ ಈ ಸೇವೆಯನ್ನು ಮಾಡಿದವನು. ಹಾಜರಿ, ಕಾಣಿಕೆ, ಕ್ರಿಸ್ಮಸ್ ಕ್ಯಾರಲ್ ಇವುಗಳಲ್ಲಿ ನಮ್ಮ ಜನ ಹಿಂದೆ ಬಿದ್ದವರಲ್ಲ. ಆದರೆ ಕೇಳಿದ ವಾಕ್ಯ ಮನೆಯ ಮಾತಿಗೆ, ದುಡಿದ ಹಣಕ್ಕೆ, ಊರಿನ ಜಗಳಕ್ಕೆ ಮುಟ್ಟುತ್ತಿದೆಯೇ ಎಂದು ವಿಚಾರಿಸುವವರು ಯಾರೂ ಇರಲಿಲ್ಲ. ಆರಾಧನೆಯಲ್ಲಿನ ಪ್ರಸಂಗ, ಅಂದರೆ ಪ್ರವಚನ, ಎಷ್ಟೇ ಒಳ್ಳೆಯದಾಗಿದ್ದರೂ ಪ್ರಸಂಗಪೀಠದಲ್ಲಿ ನಿಂತವರು ಎದುರಿಗೆ ಕುಳಿತವರಲ್ಲಿ ಒಬ್ಬೊಬ್ಬರನ್ನೂ ಮರುವಾರ ಭೇಟಿಯಾಗಿ ಕೇಳಲಾರರು. ಮಾರ್ಕನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ಯೇಸು ಹನ್ನೆರಡು ಮಂದಿ ಶಿಷ್ಯರನ್ನು ನೇಮಿಸಿದ ಉದ್ದೇಶಗಳಲ್ಲಿ ಅವರು ತನ್ನ ಸಂಗಡ ಇರಬೇಕೆಂಬುದು ಮೊದಲು ಬರುತ್ತದೆ. ಸಾರುವುದಕ್ಕೆ ಕಳುಹಿಸುವ ಮಾತು ಆಮೇಲಿನದು. ಈ ಕ್ರಮವನ್ನು ನಾನು ಅಕ್ಷರಶಃ ಸ್ವೀಕರಿಸಿದೆ.

ನಮ್ಮಲ್ಲಿ ಅನೇಕರು ಬೀದರ್–ಕಲಬುರಗಿಯ ಮೆಥೊಡಿಸ್ಟ್ ಸಭೆಗಳಿಂದ ಬಂದವರಾದ್ದರಿಂದ, ಮೆಥೊಡಿಸ್ಟ್ ಚಳವಳಿಯನ್ನು ಆರಂಭಿಸಿದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿಯ ಕಾಲದ ಕ್ಲಾಸ್ ಮೀಟಿಂಗ್ ಎಂಬ ಚಿಕ್ಕ ಗುಂಪುಗಳ ಚರಿತ್ರೆ ನನಗೆ ಮಾದರಿಯಾಯಿತು. 1742ರಲ್ಲಿ ಬ್ರಿಸ್ಟಲ್ ಪಟ್ಟಣದ ಆರಾಧನಾಮಂದಿರದ ಸಾಲ ತೀರಿಸುವುದಕ್ಕಾಗಿ ಸದಸ್ಯರನ್ನು ಸುಮಾರು ಹನ್ನೆರಡು ಜನರ ಗುಂಪುಗಳಾಗಿ ವಿಂಗಡಿಸಿ, ವಾರಕ್ಕೆ ತಲೆಗೊಂದು ಪೆನ್ನಿಯಂತೆ ವಸೂಲು ಮಾಡಲು ಒಬ್ಬೊಬ್ಬ ಮುಖಂಡನನ್ನು ನೇಮಿಸಲಾಯಿತು. ಹಣ ಕೇಳಲು ಮನೆಮನೆಗೆ ಹೋದ ಆ ಮುಖಂಡರಿಗೆ ಜನರ ನಿಜವಾದ ಬದುಕು ಕಾಣಿಸಿತು. ಸಾಲಕ್ಕಾಗಿ ಹುಟ್ಟಿದ ಏರ್ಪಾಡು ಆತ್ಮಿಕ ಆರೈಕೆಯ ಏರ್ಪಾಡಾಗಿ ಬದಲಾಯಿತು. ಹನ್ನೆರಡು ಜನ ಹಿಡಿಸುವ ಮನೆ ನಮ್ಮವರಲ್ಲಿ ಯಾರಿಗೂ ಇರದ ಕಾರಣ ನಾನು ನಾಲ್ಕೈದು ಜನರ ಗುಂಪಿನಿಂದ ಆರಂಭಿಸಿದೆ. ಈಗ ವಿಚಾರಿಸಿದರೆ, ಸ್ಥಳವಿದ್ದರೂ ನಾನು ಅಷ್ಟೇ ಜನರನ್ನು ಸೇರಿಸಿಕೊಳ್ಳುತ್ತೇನೆ, ಏಕೆಂದರೆ ಅಷ್ಟು ಕಡಿಮೆ ಜನರಿದ್ದಾಗ ಮಾತಾಡದೆ ಅಡಗಿ ಕೂರಲು ಯಾರಿಗೂ ಮೂಲೆ ಸಿಗುವುದಿಲ್ಲ.

ಸೇರುವ ವೇಳೆ ಗುರುವಾರ ರಾತ್ರಿ ಒಂಬತ್ತೂವರೆ. ಸ್ಥಳ, ವಡಾಲದ ಚಾಳಿನಲ್ಲಿ ನಮ್ಮ ಸಭೆಯ ಒಬ್ಬ ಸಹೋದರನ ಖೋಲಿ, ಅಂದರೆ ಕೋಣೆ. ಗುಂಪಿನಲ್ಲಿ ಟೈಲ್ಸ್ ಹಾಕುವವನೊಬ್ಬ, ಶಾಲಾ ಬಸ್ಸಿನ ಚಾಲಕನೊಬ್ಬ, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗನೊಬ್ಬ, ರಾತ್ರಿ ಪಾಳಿಯ ವಾಚ್‌ಮನ್ ಒಬ್ಬ ಇದ್ದರು. ವಾಚ್‌ಮನ್‌ನ ಪಾಳಿ ಬದಲಾದಾಗಲೆಲ್ಲ ಎಲ್ಲರೂ ತಮ್ಮ ವೇಳೆಯನ್ನು ಬದಲಿಸಿಕೊಂಡರು, ಮತ್ತು ಒಬ್ಬನ ಸಲುವಾಗಿ ನಾಲ್ವರು ಅನಾನುಕೂಲವನ್ನು ಒಪ್ಪಿಕೊಂಡ ಆ ಅಭ್ಯಾಸವೇ ನನ್ನ ಕಣ್ಣಿಗೆ ಬಿದ್ದ ಮೊದಲ ಬೆಳವಣಿಗೆ.

ಓದುವುದಕ್ಕೆ ಮಾರ್ಕನ ಸುವಾರ್ತೆಯನ್ನೇ ಆರಿಸಿಕೊಂಡೆವು. ಹದಿನಾರೇ ಅಧ್ಯಾಯಗಳ ಗ್ರಂಥ, ಚಿಕ್ಕ ಚಿಕ್ಕ ಪ್ರಸಂಗಗಳು, ಉಪದೇಶಕ್ಕಿಂತ ಹೆಚ್ಚಾಗಿ ಯೇಸುವಿನ ನಡೆ. ಒಂದು ಸಲಕ್ಕೆ ಒಂದೇ ಪ್ರಸಂಗವನ್ನು ಎರಡು ಬಾರಿ ಗಟ್ಟಿಯಾಗಿ ಓದುತ್ತೇವೆ. ಟೈಲ್ಸ್ ಕೆಲಸದ ಸಹೋದರನಿಗೆ ಓದು ಬಾರದು, ಔಷಧಿ ಅಂಗಡಿಯ ಹುಡುಗ ಮುಂಬಯಿಯಲ್ಲೇ ಹುಟ್ಟಿದವನಾದ್ದರಿಂದ ಕನ್ನಡ ಮಾತಾಡಿದರೂ ಮರಾಠಿ ಸತ್ಯವೇದವನ್ನೇ (ಬೈಬಲನ್ನೇ) ತೆರೆಯುತ್ತಾನೆ. ಆಮೇಲೆ ಪುಸ್ತಕ ಮುಚ್ಚಿ ಒಬ್ಬರು ಆ ಪ್ರಸಂಗವನ್ನು ತಮ್ಮ ಮಾತಿನಲ್ಲಿ ಹೇಳಬೇಕು, ಬಿಟ್ಟುಹೋದದ್ದನ್ನು ಉಳಿದವರು ಸೇರಿಸಬೇಕು. ಓದು ಬಾರದವನು ಈ ಕೆಲಸದಲ್ಲಿ ನಮ್ಮೆಲ್ಲರನ್ನೂ ಮೀರಿಸಿದ. ಸಾಯುವ ಸ್ಥಿತಿಯಲ್ಲಿದ್ದ ಮಗಳನ್ನು ಬದುಕಿಸಲು ಯೇಸುವನ್ನು ಮನೆಗೆ ಕರೆದೊಯ್ಯುತ್ತಿದ್ದ ಯಾಯೀರನ ಪ್ರಸಂಗವನ್ನು ಹೇಳುವಾಗ, ರಕ್ತಕುಸುಮ (ರಕ್ತಸ್ರಾವ) ರೋಗದ ಹೆಂಗಸಿನ ಸಲುವಾಗಿ ಯೇಸು ದಾರಿಯಲ್ಲಿ ನಿಂತುಬಿಟ್ಟಾಗ ಆ ತಂದೆಯ ಮನಸ್ಸಿಗೆ ಏನಾಗಿರಬೇಕು ಎಂಬುದನ್ನು ಅವನು ವಿವರಿಸಿದ ರೀತಿಯನ್ನು ನಾನು ಯಾವ ಪ್ರಸಂಗಪೀಠದಿಂದಲೂ ಕೇಳಿಲ್ಲ. ಅವನ ಮಗುವನ್ನು ಊರಿನಲ್ಲಿ ಆಸ್ಪತ್ರೆಗೆ ಸೇರಿಸಿದ್ದಾಗ ಅವನು ಮುಂಬಯಿಯಿಂದ ಹೊರಟು ರೈಲಿನಲ್ಲಿ ಕಳೆದ ರಾತ್ರಿಯೊಂದಿತ್ತು ಎಂಬುದು ನಮಗೆ ಗೊತ್ತಾದದ್ದು ಆಗಲೇ.

ಎಲ್ಲ ಮುಗಿದ ಮೇಲೆ ಪ್ರತಿಯೊಬ್ಬರೂ, ಈ ವಾರ ಇದರಿಂದ ತಾನು ಮಾಡಬೇಕಾದದ್ದು ಏನು ಎಂಬುದನ್ನು ಒಂದೇ ಮಾತಿನಲ್ಲಿ ಹೇಳುತ್ತಾರೆ. ಮುಂದಿನ ಗುರುವಾರ ಮೊದಲು ಕೇಳುವ ಪ್ರಶ್ನೆ ಅದರದೇ: ಹೇಳಿದ್ದು ಏನಾಯಿತು? ಇಡೀ ಸೇವೆಯಲ್ಲಿ ನಾನು ಅತ್ಯಂತ ಮುಖ್ಯವೆಂದು ತಿಳಿಯುವುದು ಈ ಪ್ರಶ್ನೆಯನ್ನೇ. ಇದನ್ನು ಬಿಟ್ಟರೆ ಉಳಿಯುವುದು ಮತ್ತೊಂದು ಸತ್ಯವೇದ ಪಾಠ. ಕೇಳುವ ಧ್ವನಿಯಲ್ಲಿ ಮಾತ್ರ ಬಹಳ ಎಚ್ಚರ ಬೇಕು. ತಪಾಸಣೆಯ ಧ್ವನಿ ಬಂದರೆ ಜನ ಸುಳ್ಳು ಹೇಳಲು ಕಲಿಯುತ್ತಾರೆ. ಅದಕ್ಕಾಗಿ ಮೊದಲ ಉತ್ತರವನ್ನು ಯಾವಾಗಲೂ ನಾನೇ ಕೊಡುತ್ತಿದ್ದೆ, ಮಾಡಲಾಗದಿದ್ದರೆ ಆಗಲಿಲ್ಲವೆಂದೇ ಹೇಳುತ್ತಿದ್ದೆ.

ನಿಂತು ಪ್ರಾರ್ಥಿಸುವಾಗ ಯಾರ ಮೇಲಾದರೂ ವಿರೋಧವಿದ್ದರೆ ಕ್ಷಮಿಸಿರಿ ಎಂಬ ಹನ್ನೊಂದನೆಯ ಅಧ್ಯಾಯದ ಮಾತು ಬಂದ ರಾತ್ರಿ, ಬಸ್ಸಿನ ಚಾಲಕ ಬಹಳ ಹೊತ್ತು ಸುಮ್ಮನಿದ್ದ. ಯಾದಗಿರಿ ಜಿಲ್ಲೆಯ ಹಳ್ಳಿಯಲ್ಲಿ ಹೊಲದ ಪಾಲಿನ ವಿಷಯಕ್ಕೆ ಅವನಿಗೂ ಅಣ್ಣನಿಗೂ ಮಾತು ನಿಂತು ವರ್ಷಗಳಾಗಿದ್ದವು. ಅಣ್ಣನಿಗೆ ಫೋನ್ ಮಾಡುತ್ತೇನೆಂದು ಅವನು ಹೇಳಿ ಹೋದ. ಮರುವಾರ ಕೇಳಿದಾಗ, "ಆಗಲಿಲ್ಲ ನೋಡ್ರಿ ಅಣ್ಣಾ, ನಂಬರ್ ತೆಗೀತೀನಿ, ಕೈ ಮುಂದಕ್ಕ ಹೋಗಂಗಿಲ್ಲ" ಎಂದ. ಅದರ ಮುಂದಿನ ವಾರಗಳಲ್ಲೂ ಅದೇ ಉತ್ತರ. ಆಗ ನಾವು ಮಾಡಿದ್ದು ಇಷ್ಟೇ: ಪ್ರತಿ ಗುರುವಾರ ಕೇಳಿದೆವು, ಅವನ ಉತ್ತರವನ್ನು ಕೇಳಿಸಿಕೊಂಡೆವು, ಅವನ ಅಣ್ಣನ ಹೆಸರು ಹಿಡಿದು ಪ್ರಾರ್ಥಿಸಿದೆವು, ಬುದ್ಧಿವಾದ ಹೇಳಲಿಲ್ಲ. ಕೆಲವು ತಿಂಗಳ ನಂತರ ಅತ್ತಿಗೆಗೆ ಕಾಯಿಲೆಯೆಂದು ತಿಳಿದು ಅವನು ತಾನಾಗಿ ಊರಿಗೆ ಹೋಗಿ ಅಣ್ಣನ ಮನೆಯಲ್ಲಿ ಊಟ ಮಾಡಿ ಬಂದ. ಹೊಲದ ವ್ಯಾಜ್ಯ ಇನ್ನೂ ತೀರಿಲ್ಲ. "ಹೊಲ ಹೊಲದ್ದು, ಅಣ್ಣ ಅಣ್ಣನೇ ಅಲ್ರೀ" ಎಂದು ಅವನೇ ನಮಗೆ ಹೇಳಿದ.

ಕೆಲವು ಕಟ್ಟುಪಾಡುಗಳನ್ನು ನಾವು ಆರಂಭದಲ್ಲೇ ಒಪ್ಪಿಕೊಂಡೆವು. ಖೋಲಿಯೊಳಗೆ ಹೇಳಿದ್ದು ಹೆಂಡತಿಯ ಮುಂದೆಯೂ ಹೋಗಕೂಡದು. ಗುಂಪಿನೊಳಗೆ ಸಾಲ ಕೊಡುವುದು, ಚೀಟಿ ನಡೆಸುವುದು ಇಲ್ಲ. ದುಡ್ಡಿನ ಬಾಕಿ ಹುಟ್ಟಿದ ಮೇಲೆ ಬಾಯಿಬಿಟ್ಟು ಪಾಪವನ್ನು ಅರಿಕೆ ಮಾಡುವವರು ಯಾರು? ಹೆಂಗಸರ ಗುಂಪು ಬೇರೆಯಾಗಿ ನನ್ನ ಹೆಂಡತಿಯ ಮುಂದಾಳತ್ವದಲ್ಲಿ ಸೇರುತ್ತದೆ. ಮನೆಯಲ್ಲಿ ಹೊಡೆತ ಬಡಿತವಿದ್ದರೆ ಅದನ್ನು ಪ್ರಾರ್ಥನಾ ವಿಷಯವಾಗಿ ಮಾತ್ರ ಉಳಿಸದೆ, ಆ ಸಹೋದರಿಯ ಸುರಕ್ಷತೆಯನ್ನು ಮೊದಲು ನೋಡಬೇಕೆಂದು ಅಯ್ಯನವರ ಜೊತೆ ಕುಳಿತು ನಿರ್ಧರಿಸಿದ್ದೇವೆ. ಕುಡಿತಕ್ಕೆ ಸಿಕ್ಕಿದವರನ್ನು ವೈದ್ಯರ ಬಳಿಗೂ ಕುಡಿತ ಬಿಡಬೇಕೆನ್ನುವವರು ಪರಸ್ಪರ ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಸಭೆಗಳಿಗೂ ಕರೆದುಕೊಂಡು ಹೋಗುತ್ತೇವೆ. ಅದರಿಂದ ವಿಶ್ವಾಸಕ್ಕೆ ಕುಂದು ಬರುತ್ತದೆಂದು ನಾನು ಭಾವಿಸುವುದಿಲ್ಲ.

ದೀಕ್ಷಾಸ್ನಾನವಾಗಿಯೂ ಬೆಳೆಯದವರ ವಿಷಯದಲ್ಲಿ ತಾಳ್ಮೆಯನ್ನು ನಾನು ಕಲಿತದ್ದು ಪಂಡಿತಾ ರಮಾಬಾಯಿಯವರಿಂದ. 1858ರಲ್ಲಿ ಕರ್ನಾಟಕದ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಅವರು 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಅಂದು ತನಗೆ ದೊರೆತದ್ದು ಕ್ರೈಸ್ತಮತ, ಕ್ರಿಸ್ತನು ದೊರೆಯಲು ಇನ್ನೂ ಎಂಟು ವರ್ಷ ಬೇಕಾಯಿತು ಎಂಬ ಅರ್ಥದಲ್ಲಿ ಅವರೇ ತಮ್ಮ ಸಾಕ್ಷಿಯಲ್ಲಿ ಬರೆದಿದ್ದಾರೆ. ಸಂಸ್ಕೃತ ಶಾಸ್ತ್ರಗಳನ್ನು ಅರಗಿಸಿಕೊಂಡ ವಿದುಷಿಗೇ ಅಷ್ಟು ಕಾಲ ಹಿಡಿದಿರುವಾಗ, ಹನ್ನೆರಡು ತಾಸು ದುಡಿದು ಬರುವ ನಮ್ಮ ಹುಡುಗರನ್ನು ಅವಸರಪಡಿಸಲು ನಾವು ಯಾರು? ರಮಾಬಾಯಿಯವರು ಕಟ್ಟಿದ ಮುಕ್ತಿ ಮಿಷನ್ ಇರುವ ಕೆಡಗಾಂವ್, ಪುಣೆ–ದೌಂಡ್ ಮಾರ್ಗದಲ್ಲಿದೆ. ನಮ್ಮವರು ಕಲಬುರಗಿಗೆ ಹೋಗುವ ರೈಲುಗಳೆಲ್ಲ ಹಾದುಹೋಗುವ ಊರು. ಗುಂಪಿನವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಬರಗಾಲದಲ್ಲಿ ದಿಕ್ಕಿಲ್ಲದ ಹೆಣ್ಣುಮಕ್ಕಳಿಗೆ ಅವರು ಆಶ್ರಯ ಕೊಟ್ಟ ಸ್ಥಳವನ್ನೂ, ಅವರು ಮರಾಠಿಗೆ ಅನುವಾದಿಸಿದ ಸತ್ಯವೇದದ ವಿಚಾರವನ್ನೂ ತಿಳಿಸಿದೆ. ವಾಚ್‌ಮನ್ ಸಹೋದರ ಈಗ ಊರಿಗೆ ಹೋಗುವಾಗಲೆಲ್ಲ ಆ ನಿಲ್ದಾಣ ಬಂದಾಗ ಎಚ್ಚರವಾಗಿರುತ್ತಾನಂತೆ.

ದಿನನಿತ್ಯದ ಪ್ರಾರ್ಥನೆಗೆ ಏಕಾಂತ ಬೇಕೆಂದು ಪುಸ್ತಕಗಳು ಹೇಳುತ್ತವೆ. ಒಂದು ಖೋಲಿಯಲ್ಲಿ ಆರು ಜನ ಮಲಗುವವರಿಗೆ ಅದು ಎಲ್ಲಿಂದ ಬರಬೇಕು? ನಾವು ಸತ್ಯವೇದದ ಕೀರ್ತನೆಗಳನ್ನು ಬಾಯಿಪಾಠ ಮಾಡಿದೆವು. 23, 51, 121, 130, ಇವು ಬಾಯಿಗೆ ಬಂದ ಮೇಲೆ ಲೋಕಲ್‌ನ ನೂಕುನುಗ್ಗಲಿನಲ್ಲಿ ಕಣ್ಣು ಮುಚ್ಚದೆಯೂ ಪ್ರಾರ್ಥಿಸಬಹುದು. ಓದು ಬಾರದವರಿಗೆ ಮೊಬೈಲಿನಲ್ಲಿ ಕನ್ನಡದ ಧ್ವನಿ ಸತ್ಯವೇದ ಹಾಕಿಕೊಟ್ಟದ್ದು ತುಂಬ ಉಪಯೋಗವಾಯಿತು.

ಮುಂದಾಳತ್ವವನ್ನು ಬಿಟ್ಟುಕೊಡುವುದು ಬೇಗನೆ ಆಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅಪೊಸ್ತಲನಾದ ಪೌಲನು ತನ್ನ ಕಿರಿಯ ಜೊತೆಗಾರ ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ, ತನ್ನಿಂದ ಕೇಳಿದ್ದನ್ನು ಬೇರೆಯವರಿಗೆ ಕಲಿಸಬಲ್ಲ ನಂಬಿಗಸ್ತರಿಗೆ ಒಪ್ಪಿಸೆಂದು ಹೇಳುತ್ತಾನೆ. ಅಲ್ಲಿ ಪೌಲ, ತಿಮೊಥೆಯ, ನಂಬಿಗಸ್ತರು, ಅವರಿಂದ ಕಲಿಯುವವರು ಎಂದು ನಾಲ್ಕು ತಲೆಮಾರುಗಳಿವೆ. ಹಾಗೆಯೇ ಆದಿಸಭೆಯ ವಾಕ್ಚತುರ ಬೋಧಕನಾದ ಅಪೊಲ್ಲೋಸನನ್ನು ತಿದ್ದಿದವರು ಗುಡಾರ ಹೊಲಿದು ಬದುಕುತ್ತಿದ್ದ ಪ್ರಿಸ್ಕಿಲ್ಲ ಮತ್ತು ಅಕ್ವಿಲ ದಂಪತಿ. ಆದುದರಿಂದ ಮಾರ್ಕನ ಅರ್ಧಭಾಗ ಮುಗಿಯುವುದರೊಳಗೆ ಸರದಿಯ ಮೇಲೆ ಒಬ್ಬೊಬ್ಬರೂ ಗುಂಪನ್ನು ನಡೆಸಲಾರಂಭಿಸಿದರು, ನಾನು ಚಾಪೆಯ ತುದಿಯಲ್ಲಿ ಕುಳಿತು ಉತ್ತರ ಕೊಡುವವರಲ್ಲಿ ಒಬ್ಬನಾದೆ. ತಪ್ಪು ಬೋಧನೆ ನುಸುಳಿದರೆ ಏನು ಗತಿ ಎಂದು ಸಭೆಯ ಹಿರಿಯರಲ್ಲಿ ಕೆಲವರು ಆಕ್ಷೇಪಿಸಿದರು, ಅದು ನ್ಯಾಯವಾದ ಆತಂಕ. ಅದಕ್ಕಾಗಿ ನಡೆಸುವವರು ತಿಂಗಳಿಗೊಮ್ಮೆ ಅಯ್ಯನವರ ಬಳಿ ಕುಳಿತು ಮುಂದಿನ ಭಾಗಗಳನ್ನು ಓದಿಕೊಳ್ಳುತ್ತಾರೆ. ಹೆಂಗಸರ ಗುಂಪಿನಲ್ಲಿ ಬೆಳೆದ ನರ್ಸ್ ಸಹೋದರಿಯೊಬ್ಬರು ಈಗ ಡೊಂಬಿವಲಿಯಲ್ಲಿ ತಮ್ಮದೇ ಗುಂಪನ್ನು ನಡೆಸುತ್ತಿದ್ದಾರೆ, ಅಲ್ಲಿಗೆ ಬರುವವರಲ್ಲಿ ಹಲವರ ಪರಿಚಯ ನನಗಿಲ್ಲ.

ಮಾರ್ಕನ ನಂತರ ಏನು ಓದಬೇಕೆಂದು ಕೇಳುವವರಿಗೆ ನಾನು ಯಾಕೋಬನ ಪತ್ರಿಕೆಯನ್ನು ಸೂಚಿಸುತ್ತೇನೆ. ಐದೇ ಅಧ್ಯಾಯಗಳಲ್ಲಿ ನಾಲಿಗೆ, ಪಕ್ಷಪಾತ, ಬಡವನಿಗೆ ಕೊಡುವ ಆಸನ, ಕೂಲಿ ಎಲ್ಲವೂ ಬರುವುದರಿಂದ ದುಡಿಯುವವರಿಗೆ ಅದು ನೇರವಾಗಿ ತಟ್ಟುತ್ತದೆ. ಹೊಲ ಕೊಯ್ದವರಿಗೆ ಹಿಡಿದಿಟ್ಟ ಕೂಲಿಯ ಕೂಗು ದೇವರ ಕಿವಿಗೆ ಬಿದ್ದಿದೆ ಎಂಬ ಐದನೆಯ ಅಧ್ಯಾಯದ ಮಾತನ್ನು ಓದಿದ ಹೊತ್ತಿಗೆ ನಮ್ಮ ಟೈಲ್ಸ್ ಕೆಲಸದ ಸಹೋದರ ಸ್ವತಃ ಮೇಸ್ತ್ರಿಯಾಗಿ ಕೆಲವು ಹುಡುಗರನ್ನು ಇಟ್ಟುಕೊಂಡಿದ್ದ. ಬಿಲ್ಡರ್‌ನಿಂದ ಹಣ ಬಂದ ಮೇಲೆಯೇ ಅವರಿಗೆ ಪಗಾರ ಕೊಡುವ ರೂಢಿ ಅವನಲ್ಲೂ ಇತ್ತು. ಆ ವಾರ ಅವನು ಹೇಳಿದ್ದು ಒಂದೇ ಮಾತು: "ಶನಿವಾರದ ಪಗಾರ ಶನಿವಾರನೇ ಕೊಡ್ತೀನ್ರೀ." ಅದಕ್ಕಾಗಿ ಅವನು ಹೊಸ ಮೋಟಾರ್‌ಸೈಕಲ್ ಕೊಳ್ಳುವುದನ್ನು ಮುಂದೂಡಿ ಆ ಹಣವನ್ನು ಪಗಾರಕ್ಕೆಂದು ತೆಗೆದಿಟ್ಟ. ಅವನ ಹತ್ತಿರ ಕೆಲಸ ಮಾಡುವ ಹುಡುಗರಲ್ಲಿ ಇಬ್ಬರು, ಸಭೆಗೆ ಸೇರಿದವರಲ್ಲದಿದ್ದರೂ, ಈ ಪುಸ್ತಕದಲ್ಲಿ ಏನಿದೆ ನೋಡೋಣವೆಂದು ಈಗ ಗುರುವಾರ ಅವನ ಜೊತೆ ಬಂದು ಕೂರುತ್ತಾರೆ.