ಡ್ಯಾಮ್ ಇರಬೇಕಾ, ತೆಗೆಯಬೇಕಾ: ವಾದಕ್ಕೆ ಕೂರುವ ಮುಂಚೆ ಹಾಕಬೇಕಾದ ಲೆಕ್ಕ

ಕೃಷ್ಣೆ ಉಕ್ಕಿದ ವರ್ಷವೆಲ್ಲ ನಮ್ಮ ಕಡೆ ಇದೇ ಮಾತು. ಮೇಲೆ ಮಹಾರಾಷ್ಟ್ರದ ಸಾಂಗ್ಲಿಯವರು ಆಲಮಟ್ಟಿ ಡ್ಯಾಮಿನ ಹಿನ್ನೀರಿನಿಂದಲೇ ನಾವು ಮುಳುಗಿದೆವು ಅನ್ನುತ್ತಾರೆ. ಬೀಳಗಿ, ಜಮಖಂಡಿ ಹಿನ್ನೀರಿನವರು ಇನ್ನೆಷ್ಟು ಸಲ ಮನೆ ಬಿಟ್ಟು ಏಳಬೇಕು ಅಂತ ಕೇಳುತ್ತಾರೆ. ಇಂಡಿ ಕಡೆಯ ರೈತರು ನಮ್ಮ ಕಾಲುವೆಗೆ ನೀರು ಮುಟ್ಟಿದ್ದೇ ಅಪರೂಪ ಅನ್ನುತ್ತಾರೆ. ಮೂವರ ಮಾತಿನಲ್ಲೂ ಸಂಕಟ ಇದೆ, ಆದರೆ ಮೂವರೂ ಒಂದು ಕಡೆ ಕೂತಾಗ ಮಾತು ಎರಡೇ ನಿಮಿಷಕ್ಕೆ "ಡ್ಯಾಮೇ ಬೇಡ", "ಇಲ್ಲ, ಇನ್ನೂ ಎತ್ತರಿಸಿ" ಅನ್ನುವಲ್ಲಿಗೆ ಬಂದು ನಿಲ್ಲುತ್ತದೆ.

ಊರಲ್ಲಿ, ಕಾಲೇಜಿನಲ್ಲಿ, ಪಂಚಾಯಿತಿ ಕಟ್ಟೆಯಲ್ಲಿ ಈ ಪ್ರಶ್ನೆಯನ್ನು ಸರಿಯಾಗಿ ಚರ್ಚಿಸಬೇಕು ಅನ್ನುವವರಿಗೆ ಇದನ್ನು ಬರೆದಿದ್ದೇನೆ. ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಆಲಮಟ್ಟಿ ಇರಬೇಕು. ಆದರೆ ಮುಳುಗಡೆಯಾದವರ ಲೆಕ್ಕ ಚುಕ್ತಾ ಮಾಡದೆ ಅದರ ಮಟ್ಟ ಒಂದು ಅಡಿಯೂ ಏರಬಾರದು. ಕೆಳಗಿನ ಲೆಕ್ಕ ಹಾಕಿದ ಮೇಲೆ ನೀವು ಬೇರೆ ಕಡೆ ಬಂದು ನಿಂತರೂ ಸರಿ, ಲೆಕ್ಕ ಮಾತ್ರ ಹಾಕಿ.

ಯಾವ ಡ್ಯಾಮ್, ಯಾವ ಮಟ್ಟ

"ಡ್ಯಾಮ್ ಒಳ್ಳೆಯದಾ ಕೆಟ್ಟದ್ದಾ" ಅಂತ ಕೇಳಬೇಡಿ. ಆ ಪ್ರಶ್ನೆಗೆ ಉತ್ತರವೇ ಇಲ್ಲ. ಒಂದು ಡ್ಯಾಮ್ ಹೆಸರು ಹೇಳಿ, ಅದರ ಮಟ್ಟ ಹೇಳಿ.

ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರು ಜಿಲ್ಲೆಗಳನ್ನೇ ನೋಡಿ. ಘಟಪ್ರಭೆಗೆ ಹಿಡಕಲ್ ಡ್ಯಾಮ್, ಅದರಲ್ಲಿ ಸುಮಾರು 51 ಟಿಎಂಸಿ ನಿಲ್ಲುತ್ತದೆ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು). ಮಲಪ್ರಭೆಗೆ ಸವದತ್ತಿ ಹತ್ತಿರ ನವಿಲುತೀರ್ಥದ ಡ್ಯಾಮ್, ಸುಮಾರು 37 ಟಿಎಂಸಿ. ಕೃಷ್ಣೆಗೆ ಆಲಮಟ್ಟಿ, ಸಮುದ್ರ ಮಟ್ಟದಿಂದ 519.60 ಮೀಟರ್ ಎತ್ತರಕ್ಕೆ ನೀರು ನಿಂತರೆ 123 ಟಿಎಂಸಿ. ಗೋಕಾಕ ಹತ್ತಿರದ ಧೂಪದಾಳ ಒಡ್ಡು 1897ರದ್ದು, ಇವತ್ತಿಗೂ ಕಾಲುವೆಗೆ ನೀರು ಕೊಡುತ್ತಿದೆ. ಹಾಗಾಗಿ "ಹಳೇದಾಯ್ತು, ತೆಗೀರಿ" ಅನ್ನುವುದು ವಾದವೇ ಅಲ್ಲ. ವಯಸ್ಸಿಗಿಂತ ಅದು ಈಗ ಏನು ಕೆಲಸ ಮಾಡುತ್ತಿದೆ ಅನ್ನುವುದು ಮುಖ್ಯ.

ಆಲಮಟ್ಟಿಯ ವಿಷಯದಲ್ಲಂತೂ ಜಗಳ ಇರುವುದೇ ಮಟ್ಟದ ಮೇಲೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು, 2006ರಲ್ಲಿ ಅಬ್ದುಲ್ ಕಲಾಂ ಲೋಕಾರ್ಪಣೆ ಮಾಡಿದರು. ನಡುವೆ ನಾಲ್ಕು ದಶಕ. 519.60ಕ್ಕೆ ಸುಪ್ರೀಂ ಕೋರ್ಟ್ 2000ದಲ್ಲಿ ಒಪ್ಪಿತು. 524.256 ಮೀಟರಿಗೆ ಕೃಷ್ಣೆಯ ನೀರು ಹಂಚುವ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲಿ ಒಪ್ಪಿಗೆ ಕೊಟ್ಟಿತು, ಆದರೆ ನಂತರದ ವ್ಯಾಜ್ಯದಲ್ಲಿ ವಿಷಯ ಸಿಕ್ಕಿಕೊಂಡಿತು. ಈ ಎರಡು ಮಟ್ಟಗಳ ನಡುವೆ ಇರುವುದು ಐದು ಮೀಟರಿಗಿಂತ ಕಡಿಮೆ, ಆದರೆ ಅಷ್ಟರಲ್ಲಿ ಇನ್ನೂ 20 ಹಳ್ಳಿ, ಬಾಗಲಕೋಟೆ ಪಟ್ಟಣದ ವಾರ್ಡುಗಳು, ಸುಮಾರು 75 ಸಾವಿರ ಎಕರೆ ಜಮೀನು ಮುಳುಗುತ್ತವೆ. "ಡ್ಯಾಮ್ ಬೇಕು" ಅನ್ನುವವರು ಯಾವ ಮಟ್ಟದ ಡ್ಯಾಮ್ ಅಂತ ಹೇಳಲೇಬೇಕು.

ನೀರು ಎಲ್ಲೆಲ್ಲಿ ಹೋಗುತ್ತದೆ, ಬರೆದುಕೊಳ್ಳಿ

ಒಂದು ದೊಡ್ಡ ಹಾಳೆ ತಗೊಳ್ಳಿ. ನಡುವೆ ಡ್ಯಾಮ್ ಹೆಸರು. ಅಲ್ಲಿಂದ ನೀರು ಎತ್ತುವ ಪ್ರತಿಯೊಂದನ್ನೂ ಬರೆಯಿರಿ, ಪಕ್ಕದಲ್ಲಿ "ಡ್ಯಾಮ್ ಇಲ್ಲದಿದ್ದರೆ ಇದಕ್ಕೆ ಬೇರೆ ದಾರಿ ಇದೆಯಾ" ಅಂತ ಒಂದು ಸಾಲು.

ಆಲಮಟ್ಟಿಗೆ ಹಾಗೆ ಬರೆದರೆ ಹಾಳೆ ಬೇಗ ತುಂಬುತ್ತದೆ. ಎಡದಂಡೆ, ಬಲದಂಡೆ ಕಾಲುವೆ, ಮುಳವಾಡ ಮತ್ತು ಚಿಮ್ಮಲಗಿ ಏತ ನೀರಾವರಿ, ವಿಜಯಪುರ ನಗರದ ಕುಡಿಯುವ ನೀರು, ಕೂಡಗಿಯ 2,400 ಮೆಗಾವ್ಯಾಟ್ ಉಷ್ಣ ವಿದ್ಯುತ್ ಸ್ಥಾವರ, ಡ್ಯಾಮ್ ಬುಡದಲ್ಲೇ 290 ಮೆಗಾವ್ಯಾಟ್ ಜಲವಿದ್ಯುತ್. ಕೆಳಗೆ ನಾರಾಯಣಪುರ, ಅಲ್ಲಿಂದ ಯಾದಗಿರಿ, ಕಲಬುರಗಿ, ರಾಯಚೂರಿನ ಕಾಲುವೆಗಳು. ಇದಲ್ಲದೆ ಹಿನ್ನೀರಿಗೆ ಮೋಟಾರು ಇಟ್ಟು ಕಬ್ಬು ಬೆಳೆಯುವವರೂ ಇದ್ದಾರೆ, ಅವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನೀವು ಹಿಡಿಯಿರಿ.

ಈಗ ಎರಡನೇ ಸಾಲು ತುಂಬಿ. 290 ಮೆಗಾವ್ಯಾಟ್ ಕರೆಂಟಿಗೆ ಬೇರೆ ದಾರಿ ಇದೆ, ನಮ್ಮ ಬಿಸಿಲಿಗೂ ಗಾಳಿಗೂ ಬರ ಇಲ್ಲ. ಏಪ್ರಿಲ್ ತಿಂಗಳ ಕುಡಿಯುವ ನೀರಿಗೆ? ಕೃಷ್ಣೆಯಲ್ಲಿ ನೀರು ಬರುವುದು ಮಳೆಗಾಲದ ಕೆಲವೇ ತಿಂಗಳು, ಉಳಿದ ದಿನ ಹಿಡಿದಿಟ್ಟ ನೀರೇ ಗತಿ. ನನ್ನ ಮಟ್ಟಿಗೆ ಇಡೀ ಪ್ರಶ್ನೆ ತೂಗುವುದು ಇದೊಂದೇ ಜಾಗದಲ್ಲಿ. ಹಾಳೆಯಲ್ಲಿ "ಬೇರೆ ದಾರಿ ಇದೆ" ಅನ್ನುವುದೇ ಜಾಸ್ತಿ ಇದ್ದರೆ ಆ ಡ್ಯಾಮ್ ತೆಗೆಯುವ ಮಾತನ್ನು ಧೈರ್ಯವಾಗಿ ಆಡಬಹುದು.

ಪ್ರವಾಹದ ಲೆಕ್ಕ ನೀವೇ ಹಾಕಿ

ಇದಕ್ಕೆ ಇಂಜಿನಿಯರ್ ಬೇಕಿಲ್ಲ. ಒಂದು ಸಂಖ್ಯೆ ನೆನಪಿಟ್ಟುಕೊಳ್ಳಿ: 11,574 ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ನೀರು ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ. ಮಳೆಗಾಲದಲ್ಲಿ ಪತ್ರಿಕೆಯಲ್ಲಿ ಬರುವ ಒಳಹರಿವನ್ನು ಈ ಸಂಖ್ಯೆಯಿಂದ ಭಾಗಿಸಿ.

ಒಳಹರಿವು 2 ಲಕ್ಷ ಕ್ಯೂಸೆಕ್ ಇದ್ದರೆ ದಿನಕ್ಕೆ 17 ಟಿಎಂಸಿ. 5 ಲಕ್ಷ ಇದ್ದರೆ, 2019ರಲ್ಲಿ ಅಂಥದ್ದು ನೋಡಿದ್ದೇವೆ, ದಿನಕ್ಕೆ 43 ಟಿಎಂಸಿ. ಅಂದರೆ ಆಲಮಟ್ಟಿ ಅರ್ಧ ಖಾಲಿ ಇದ್ದರೂ ಒಂದೂವರೆ ದಿನಕ್ಕೆ ತುಂಬಿಬಿಡುತ್ತದೆ, ಆಮೇಲೆ ಬಂದಷ್ಟನ್ನೂ ಬಿಡಲೇಬೇಕು. ಹೀಗಾಗಿ "ಡ್ಯಾಮ್ ಇದೆ, ಪ್ರವಾಹ ತಡೆಯುತ್ತದೆ" ಅನ್ನುವುದೂ ಪೂರ್ತಿ ನಿಜವಲ್ಲ, "ಡ್ಯಾಮ್ ತೆಗೆದರೆ ಪ್ರವಾಹವೇ ಇರಲ್ಲ" ಅನ್ನುವುದೂ ನಿಜವಲ್ಲ. ಅಷ್ಟು ನೀರು ಸುರಿಯುವುದು ಸಹ್ಯಾದ್ರಿಯಲ್ಲಿ, ಅದು ಕೊಯ್ನಾ, ವಾರಣಾ, ಪಂಚಗಂಗೆ, ದೂಧಗಂಗೆಯಿಂದ ಬಂದು ಸೇರುತ್ತದೆ. ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ್ದ ವಡನೇರೆ ಸಮಿತಿ ಕೂಡ ಸಾಂಗ್ಲಿ ಪ್ರವಾಹಕ್ಕೆ ಆಲಮಟ್ಟಿ ಕಾರಣವಲ್ಲ ಅಂತಲೇ ಹೇಳಿತು. ಹಾಗಂತ ಹಿನ್ನೀರಿಗೆ ಅಂಟಿಕೊಂಡಿರುವ ನಮ್ಮ ಹಳ್ಳಿಗಳ ಮಾತು ಸುಳ್ಳಲ್ಲ, ಅಲ್ಲಿ ಮಟ್ಟ ಒಂದು ಅಡಿ ಏರಿದರೂ ಹೊಲದಲ್ಲಿ ಗೊತ್ತಾಗುತ್ತದೆ. ದೂರದ ಊರಿನ ದೂರು ಬೇರೆ, ಹತ್ತಿರದ ಊರಿನ ದೂರು ಬೇರೆ. ಎರಡನ್ನೂ ಬೆರೆಸಬೇಡಿ.

ಇನ್ನೊಂದು ವಿಷಯ ಮಲಪ್ರಭೆಯಿಂದ ಕಲಿಯಬೇಕು. ನವಿಲುತೀರ್ಥದ ಡ್ಯಾಮ್ ವರ್ಷಗಟ್ಟಲೆ ತುಂಬುತ್ತಿರಲಿಲ್ಲ, ಕೆಳಗೆ ನದಿ ಒಣಗಿ ನಿಂತಿತು, ಒಣಗಿದ ನದಿಯ ಪಾತ್ರದೊಳಕ್ಕೆ ಹೊಲಗಳು ಮೆಲ್ಲಗೆ ಇಳಿದವು, ದಂಡೆ ಕಿರಿದಾಯಿತು. 2019ರ ಆಗಸ್ಟ್‌ನಲ್ಲಿ ಡ್ಯಾಮ್ ತುಂಬಿ ನೀರು ಬಿಟ್ಟಾಗ ಆ ನೀರಿಗೆ ಹರಿಯಲು ಜಾಗವೇ ಇರಲಿಲ್ಲ. ರಾಮದುರ್ಗ, ಬಾದಾಮಿ ತಾಲ್ಲೂಕಿನ ಊರುಗಳಿಗೆ ನುಗ್ಗಿತು, ಪಟ್ಟದಕಲ್ಲಿನ ಗುಡಿಗಳ ಆವರಣದಲ್ಲೂ ನೀರು ನಿಂತಿತು. ನಿಮ್ಮ ಡ್ಯಾಮಿನ ಕೆಳಗಿನ ನದಿಯನ್ನು ಒಮ್ಮೆ ನಡೆದು ನೋಡಿ, ಪಾತ್ರ ಎಲ್ಲೆಲ್ಲಿ ಒತ್ತುವರಿಯಾಗಿದೆ ಅಂತ ಗುರುತು ಹಾಕಿಕೊಳ್ಳಿ. ಡ್ಯಾಮ್ ಇರಲಿ ಬಿಡಲಿ, ಈ ಕೆಲಸ ತಪ್ಪುವುದಿಲ್ಲ.

ಒಡೆದವರು ಯಾವ ಡ್ಯಾಮ್ ಒಡೆದರು

"ಅಮೆರಿಕದಲ್ಲಿ ಒಡೀತಿದ್ದಾರೆ" ಅನ್ನುವ ಮಾತು ಚರ್ಚೆಯಲ್ಲಿ ಬಂದೇ ಬರುತ್ತದೆ. ನಿಜ, ಒಡೆದಿದ್ದಾರೆ. ಎಲ್ವಾ ನದಿಯ ಮೇಲಿನ ಎರಡು ಡ್ಯಾಮ್‌ಗಳನ್ನು 2011ರಿಂದ 2014ರವರೆಗೆ ತೆಗೆದರು. ದೊಡ್ಡದು 64 ಮೀಟರ್ ಎತ್ತರದ್ದು. ಕ್ಲಾಮತ್ ನದಿಯ ನಾಲ್ಕನ್ನು 2023–24ರಲ್ಲಿ ತೆಗೆದರು. ಫ್ರಾನ್ಸ್‌ನ ಸೆಲೂನ್ ನದಿಯಲ್ಲೂ, ಜಪಾನಿನ ಕುಮಾ ನದಿಯಲ್ಲೂ ತೆಗೆದಿದ್ದಾರೆ. ಸಾಲ್ಮನ್ ಮೀನು ಮತ್ತೆ ಮೇಲಕ್ಕೆ ಈಜಿ ಬಂತು, ಆ ಮೀನನ್ನೇ ನಂಬಿದ್ದ ಮೂಲನಿವಾಸಿಗಳು ದಶಕಗಟ್ಟಲೆ ಹೋರಾಡಿ ಗೆದ್ದರು. ಅದು ದೊಡ್ಡ ಗೆಲುವು, ಅದನ್ನು ಹಗುರ ಮಾಡಬಾರದು.

ಆದರೆ ಆ ಡ್ಯಾಮ್‌ಗಳು ಏನು ಮಾಡುತ್ತಿದ್ದವು ಅಂತ ಕೇಳಿ. ಎಲ್ವಾದ್ದೂ ಕ್ಲಾಮತ್‌ನದ್ದೂ ಕರೆಂಟಿಗೆ ಕಟ್ಟಿದ್ದವು. ಕ್ಲಾಮತ್‌ನಲ್ಲಿ ಮೀನಿಗೆ ದಾರಿ ಮಾಡಿಕೊಡುವುದಕ್ಕಿಂತ ತೆಗೆಯುವುದೇ ಅಗ್ಗ ಅಂತ ಡ್ಯಾಮ್ ನಡೆಸುತ್ತಿದ್ದ ಕಂಪನಿಗೇ ಲೆಕ್ಕ ಸಿಕ್ಕಿತು. ಅದೇ ನದಿಯ ಮೇಲ್ಭಾಗದಲ್ಲಿ ಹೊಲಗಳಿಗೆ ನೀರು ಕೊಡುವುದಕ್ಕೆ ಬೇಕಾದ ಒಡ್ಡುಗಳನ್ನು ಹಾಗೇ ಉಳಿಸಿದ್ದಾರೆ. ಉದಾಹರಣೆ ಕೊಡುವವರು ಈ ಅರ್ಧವನ್ನೂ ಹೇಳಬೇಕು, ಅಲ್ವಾ?

ಹೂಳು ಮರೆತರೆ ಎಲ್ಲ ಲೆಕ್ಕವೂ ಸುಳ್ಳು

ಡ್ಯಾಮ್ ಇಟ್ಟುಕೊಳ್ಳುವವರಿಗೂ ತೆಗೆಯುವವರಿಗೂ ಕಷ್ಟದ ಪ್ರಶ್ನೆ ಇದೇ. ಎಲ್ವಾದ ಎರಡು ಡ್ಯಾಮ್‌ಗಳ ಹಿಂದೆ ಸುಮಾರು 2.1 ಕೋಟಿ ಘನ ಮೀಟರ್ ಹೂಳು ಇತ್ತು, ಅದು ಒಮ್ಮೆಲೇ ನುಗ್ಗಬಾರದು ಅಂತ ಹಂತ ಹಂತವಾಗಿ ಒಡೆದರು. ನಮ್ಮ ತುಂಗಭದ್ರಾದಲ್ಲಿ ಶುರುವಿನಲ್ಲಿ ಸುಮಾರು 132 ಟಿಎಂಸಿ ಹಿಡಿಯುತ್ತಿತ್ತು, ಈಗ 105.79. ಕಳೆದುಹೋದ ಸುಮಾರು 27 ಟಿಎಂಸಿ ಅಂದರೆ 75 ಕೋಟಿ ಘನ ಮೀಟರ್, ಎಲ್ವಾದ 35 ಪಟ್ಟು. ಒಂದು ಟಿಪ್ಪರಿಗೆ 10 ಘನ ಮೀಟರ್ ಹಿಡಿದರೂ ಏಳೂವರೆ ಕೋಟಿ ಟ್ರಿಪ್. "ಹೂಳೆತ್ತಿ ಬಿಡಿ" ಅನ್ನುವುದು ಸುಲಭ, ಆ ಮಣ್ಣು ಹಾಕಲು ಯಾವ ತಾಲ್ಲೂಕು ಕೊಡುತ್ತೀರಿ?

ಹಾಗಾಗಿ ಮೇಲಿನ ಹಳ್ಳಕೊಳ್ಳಗಳಲ್ಲಿ ಬದು, ಚೆಕ್ ಡ್ಯಾಮ್, ಮರ ಇವು ಡ್ಯಾಮಿನ ಆಯುಷ್ಯದ ಭಾಗ. ಒಡ್ಡು ಅಂದರೆ ಯಾವಾಗಲೂ ಆಲಮಟ್ಟಿಯಷ್ಟು ದೊಡ್ಡದೇ ಆಗಬೇಕಿಲ್ಲ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ದುಡ್ಡು ಹಾಕಿ, ಬೆವರು ಸುರಿಸಿ ಶ್ರಮಬಿಂದು ಸಾಗರ ಬ್ಯಾರೇಜ್ ಕಟ್ಟಿದರು. ಅದು ನಮ್ಮದೇ ನೆಲದ ಉದಾಹರಣೆ, ಮೊದಲು ಅದನ್ನು ಎತ್ತಿಕೊಳ್ಳಿ.

ಮುಳುಗಿದ್ದು ವಾಪಸ್ ಬರುತ್ತದಾ?

ಬೇಸಿಗೆಯಲ್ಲಿ ಹಿಡಕಲ್ ಹಿನ್ನೀರು ಇಳಿದಾಗ ಹುನ್ನೂರಿನ ವಿಠ್ಠಲ ಗುಡಿ ಮೇಲೆ ಬರುತ್ತದೆ, ಜನ ಹೋಗಿ ಕೈಮುಗಿದು ಬರುತ್ತಾರೆ. ಗುಡಿ ಬಂತು, ಊರು ಬಂತಾ? ಡ್ಯಾಮ್ ತೆಗೆದರೆ ನಮ್ಮ ಜಮೀನು ನಮಗೆ ಸಿಗುತ್ತದೆ ಅಂತ ಕೆಲವು ಹಿರಿಯರು ಆಸೆ ಇಟ್ಟುಕೊಂಡಿದ್ದಾರೆ. ಅವರಿಗೆ ಸರಿಯಾಗಿ ತಿಳಿಸಿ ಹೇಳಬೇಕು. ಸ್ವಾಧೀನವಾದ ಜಮೀನು ಸರ್ಕಾರದ್ದು. ನೀರು ಇಳಿದ ಮಾತ್ರಕ್ಕೆ ಉತಾರದಲ್ಲಿ (ಪಹಣಿಯಲ್ಲಿ) ಹೆಸರು ತಾನಾಗಿ ವಾಪಸ್ ಬರುವುದಿಲ್ಲ. ಹಳೆ ಬಾಗಲಕೋಟೆ ಬಿಟ್ಟು ನವನಗರಕ್ಕೆ ಹೋದವರ ಮಕ್ಕಳು ಅಲ್ಲೇ ಬೇರು ಬಿಟ್ಟಿದ್ದಾರೆ, ಅವರನ್ನು ಮತ್ತೆ ಎಬ್ಬಿಸುತ್ತೀರಾ?

ಆದ್ದರಿಂದ ಸಂತ್ರಸ್ತರ ಜೊತೆ ಕೂತಾಗ ಡ್ಯಾಮ್ ಒಡೆಯುವ ಆಸೆ ತೋರಿಸಬೇಡಿ, ಅವರಿಗೆ ಬರಬೇಕಾದ್ದನ್ನು ಪಟ್ಟಿ ಮಾಡಿ. ಪರಿಹಾರ ಯಾವ ದರದಲ್ಲಿ ಬಂತು, ಪುನರ್ವಸತಿ ಕೇಂದ್ರದಲ್ಲಿ ಹಕ್ಕುಪತ್ರ ಸಿಕ್ಕಿದೆಯಾ, ಕುಡಿಯುವ ನೀರು, ಸ್ಮಶಾನ, ದನಕ್ಕೆ ಗೋಮಾಳ ಇದೆಯಾ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಮೂರನೇ ಹಂತದ, ಅಂದರೆ ಮಟ್ಟ 524.256ಕ್ಕೆ ಏರಿಸಿದರೆ ಆಗುವ, ಮುಳುಗಡೆಗೆ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯಕ್ಕೆ 30 ಲಕ್ಷ ಅಂತ ತೀರ್ಮಾನಿಸಿತು. ಹಿಂದಿನ ಹಂತಗಳಲ್ಲಿ ಕೈಗೆ ಸಿಕ್ಕಿದ್ದನ್ನು ಪಕ್ಕದಲ್ಲಿಟ್ಟು ನೋಡಿದರೆ ಹಳಬರ ಸಿಟ್ಟು ಯಾಕೆ ಅಂತ ಅರ್ಥವಾಗುತ್ತದೆ.

ಕಾಗದ ಕೇಳಿ

ಗಾಳಿ ಮಾತಿನಲ್ಲಿ ಸಭೆ ಮಾಡಬೇಡಿ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಪ್ರಕಾರ 15 ಮೀಟರಿಗಿಂತ ಎತ್ತರದ ಡ್ಯಾಮ್‌ಗಳಿಗೆ ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ ತಪಾಸಣೆ ಆಗಲೇಬೇಕು, ತುರ್ತು ಯೋಜನೆಯೂ ಇರಬೇಕು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾದ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತಲ್ಲ, ಅದಾದ ಮೇಲೆ ಈ ಕಾಗದ ಕೇಳುವುದು ನಮ್ಮ ಹಕ್ಕಷ್ಟೇ ಅಲ್ಲ, ಕೆಲಸ.

ಆಲಮಟ್ಟಿಗೆ ಕೃಷ್ಣಾ ಭಾಗ್ಯ ಜಲ ನಿಗಮ, ಹಿಡಕಲ್ ಮತ್ತು ನವಿಲುತೀರ್ಥಕ್ಕೆ ಕರ್ನಾಟಕ ನೀರಾವರಿ ನಿಗಮ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಅದಕ್ಕೆ ಬೇರೆ ಬೇರೆ ಅರ್ಜಿಯನ್ನೇ ಬರೆಯಿರಿ. ಒಂದರಲ್ಲಿ ಕಳೆದ ತಪಾಸಣಾ ವರದಿ, ಇನ್ನೊಂದರಲ್ಲಿ ಕೊನೆಯ ಹೂಳು ಸರ್ವೆ, ಮತ್ತೊಂದರಲ್ಲಿ ತುರ್ತು ಯೋಜನೆಯಲ್ಲಿ ನಿಮ್ಮ ಊರಿನ ಹೆಸರಿದೆಯಾ ಅಂತ. ಉತ್ತರಕ್ಕೆ 30 ದಿನ. ಬಾರದಿದ್ದರೆ ಮೇಲ್ಮನವಿ.

ನಡುವಿನ ದಾರಿಗಳನ್ನೂ ಹಾಳೆಗೆ ಹಾಕಿ

ಇಡುವುದು, ಒಡೆಯುವುದು ಎರಡೇ ಅಲ್ಲ. ಜುಲೈ–ಆಗಸ್ಟ್‌ನಲ್ಲಿ ಮಟ್ಟ ಸ್ವಲ್ಪ ಕೆಳಗಿಟ್ಟುಕೊಂಡು ಸೆಪ್ಟೆಂಬರ್‌ನಲ್ಲಿ ತುಂಬಿಸಬಹುದು. ಆಮೇಲೆ ಮಳೆ ಕೈಕೊಟ್ಟರೆ ಕಾಲುವೆ ಕೊನೆಯ ರೈತನಿಗೆ ನೀರಿಲ್ಲ, ಆ ನಷ್ಟ ಯಾರು ತುಂಬಿಕೊಡುತ್ತಾರೆ ಅನ್ನುವುದನ್ನೂ ಅಲ್ಲೇ ಬರೆಯಿರಿ. ಗೇಟ್ ಬದಲಿಸುವುದು, ಕಾಲುವೆ ಸೋರಿಕೆ ನಿಲ್ಲಿಸುವುದು, ಕಬ್ಬಿಗೆ ಹನಿ ನೀರಾವರಿ, ಮಟ್ಟ 519.60ರಲ್ಲೇ ಬಿಟ್ಟು ಇರುವ ನೀರನ್ನು ಸರಿಯಾಗಿ ಹಂಚುವುದು, ಇವೆಲ್ಲಕ್ಕೂ ಒಂದೊಂದು ಸಾಲು. ಜಾಸ್ತಿ ನೀರು ಕುಡಿಸಿ ಉಪ್ಪೇರಿ, ನೀರು ನಿಂತು ಸವಳು–ಜವಳಾದ ಹೊಲಗಳನ್ನು ನೋಡಿದವರಿಗೆ ನಾನೇನು ಹೇಳುತ್ತಿದ್ದೇನೆ ಅಂತ ಗೊತ್ತಾಗುತ್ತದೆ.

ಸಭೆ ಕರೆಯುವಾಗ

ಹಿನ್ನೀರಿನವರು, ಕಾಲುವೆ ತಲೆಯವರು, ಕಾಲುವೆ ಕೊನೆಯವರು, ಪುನರ್ವಸತಿ ಕೇಂದ್ರದವರು, ಮೀನು ಹಿಡಿಯುವ ಅಂಬಿಗರು, ಕೊಡ ಹೊತ್ತು ನೀರು ತರುವ ಹೆಣ್ಣುಮಕ್ಕಳು, ಇವರಲ್ಲಿ ಒಬ್ಬರು ಬಿಟ್ಟುಹೋದರೂ ಸಭೆ ಮುಂದೂಡಿ. ಕಳೆದುಕೊಂಡವರು ಮೊದಲು ಮಾತಾಡಲಿ, ಲೀಡರುಗಳು ಕೊನೆಗೆ.

ದಸರಾ ಮುಗಿದ ಮೇಲಿನ ವಾರಗಳು ಒಳ್ಳೆಯ ಸಮಯ. ಡ್ಯಾಮಿನಲ್ಲಿ ಎಷ್ಟು ನೀರಿದೆ ಅಂತ ಅಷ್ಟೊತ್ತಿಗೆ ಗೊತ್ತಿರುತ್ತದೆ, ಹಿಂಗಾರಿಗೆ ನೀರು ಬಿಡುವ ನೀರಾವರಿ ಸಲಹಾ ಸಮಿತಿ ಸಭೆಯೂ ಹತ್ತಿರದಲ್ಲಿರುತ್ತದೆ. ಒಪ್ಪಿದ್ದು, ಒಪ್ಪದೆ ಉಳಿದದ್ದು ಎರಡನ್ನೂ ಬರೆದು, ಗ್ರಾಮಸಭೆಯ ಠರಾವು ಪುಸ್ತಕದಲ್ಲಿ ಸೇರಿಸಿ, ಒಂದು ಪ್ರತಿ ನಿಗಮದ ಮುಖ್ಯ ಇಂಜಿನಿಯರ್‌ಗೆ, ಒಂದು ನಿಮ್ಮ ಶಾಸಕರಿಗೆ ಕೊಟ್ಟು ಸ್ವೀಕೃತಿ ತಗೊಂಡು ಬನ್ನಿ.