ಅಡಿಕೆ ಸುಲಿಯುವ ಕಾಲದ ಸೀನಿಗೆ ಉಪ್ಪುನೀರು

ಶಿರಸಿ ಕಡೆ ಅಡಿಕೆ ಸಿಪ್ಪೆಯ ಧೂಳು, ಮಳೆಗಾಲದ ಬೂಸಲು ಎರಡರಿಂದ ಬರುವ ಅಲರ್ಜಿ ಸೀನಿಗೂ ಉಪ್ಪುನೀರಲ್ಲಿ ಮೂಗು ತೊಳೆಯುವುದೇ ಮೊದಲ ಉಪಾಯ. ಕಷಾಯಕ್ಕಿಂತ ಇದು ಮೇಲು, ಏಕೆಂದರೆ ಧೂಳನ್ನೇ ಹೊರಹಾಕುತ್ತದೆ.

ಅರ್ಧ ಲೀಟರ್ ನೀರಿಗೆ 4.5 ಗ್ರಾಂ ಉಪ್ಪು, ಅಂದರೆ ಮಟ್ಟಸ ಟೀ ಚಮಚಕ್ಕೆ ತುಸು ಕಡಿಮೆ. ಜೊತೆಗೆ ಚಿಟಿಕೆ ಅಡುಗೆ ಸೋಡಾ. ಉಪ್ಪು ಕಡಿಮೆಯಾದರೂ ಹೆಚ್ಚಾದರೂ ಮೂಗು ಉರಿಯುತ್ತದೆ. ಬಾವಿ ನೀರು, ಅಬ್ಬಿ ನೀರು ಎಷ್ಟೇ ತಿಳಿಯಾಗಿರಲಿ, ಹಸಿಯಾಗಿ ಬೇಡವೇ ಬೇಡ: ಅದರಲ್ಲಿರಬಹುದಾದ ಅಮೀಬಾ ಮೂಗಿನಿಂದ ಮಿದುಳಿಗೆ ಏರಿದರೆ ಜೀವಕ್ಕೇ ಅಪಾಯ. ಐದು ನಿಮಿಷ ಕುದಿಸಿ, ಉಗುರುಬೆಚ್ಚಗಾದ ಮೇಲೆ ಬಳಸಿ.

ಮುಂದೆ ಬಾಗಿ, ತಲೆ ಓರೆ ಮಾಡಿ, ಬಾಯಲ್ಲಿ ಉಸಿರಾಡುತ್ತ ನೇತಿ ಪಾತ್ರೆಯಿಂದ (ಮೂಗು ತೊಳೆಯುವ, ಕೊಳವೆ ಬಾಯಿಯ ಪುಟ್ಟ ಪಾತ್ರೆ) ಮೇಲಿನ ಹೊಳ್ಳೆಗೆ ನೀರು ಬಿಡಿ, ಕೆಳಗಿನದರಿಂದ ಇಳಿಯುತ್ತದೆ. ಆಮೇಲೆ ಇನ್ನೊಂದು ಬದಿ. ಮೂಗು ಪೂರ್ತಿ ಕಟ್ಟಿದ್ದರೆ ಒತ್ತಾಯ ಬೇಡ. ತೊಳೆದಾದ ಮೇಲೆ ಜೋರಾಗಿ ಸೀಟಬೇಡಿ, ನೀರು ಕಿವಿ ಕಡೆ ನುಗ್ಗುತ್ತದೆ. ಪಾತ್ರೆ ತೊಳೆದು ಪೂರ್ತಿ ಒಣಗಿಸಿ.

ದೊಡ್ಡಪತ್ರೆ, ಶುಂಠಿ ಕಷಾಯ ಗಂಟಲಿಗೆ ಹಿತ, ಅಷ್ಟೆ, ಅಲರ್ಜಿ ನಿಲ್ಲಿಸುವುದಿಲ್ಲ. ಸುಲಿಯುವಾಗ ಬಾಯಿ-ಮೂಗಿಗೆ ಮಾಸ್ಕ್ ಇರಲಿ. ಎದೆಯಲ್ಲಿ ಸುಂಯ್‌ಗುಟ್ಟಿದರೆ ಮನೆಮದ್ದು ಬಿಟ್ಟು ಡಾಕ್ಟರ ಹತ್ತಿರ ಹೋಗಿ.