ಪೈಥಾನ್ ಥ್ರೆಡ್‌ಗಳಿದ್ದಾಗ ಕಂಟ್ರೋಲ್-ಸಿ ಹ್ಯಾಂಡಲ್ ಮಾಡೋದು ಹೇಗೆ

ಪೈಥಾನ್‌ನಲ್ಲಿ ಕಂಟ್ರೋಲ್-ಸಿ ಒತ್ತಿದ್ರೆ ಕೀಬೋರ್ಡ್‌ಇಂಟರಪ್ಟ್ (ನಿಲ್ಲಿಸು ಅನ್ನೋ ಎಕ್ಸೆಪ್ಶನ್) ಬರೋದು ಮೇನ್ ಥ್ರೆಡ್‌ಗೆ (ಥ್ರೆಡ್ ಅಂದ್ರೆ ಒಂದೇ ಪ್ರೋಗ್ರಾಂ ಒಳಗೆ ಜೊತೆಜೊತೆಗೆ ಓಡೋ ಕೆಲಸ, ಮೊದಲನೇದು ಮೇನ್) ಮಾತ್ರ, ಮಿಕ್ಕ ಥ್ರೆಡ್‌ಗಳಿಗೆ ಸುದ್ದೀನೇ ಹೋಗಲ್ಲ, ಅವು ತಮ್ಮ ಪಾಡಿಗೆ ಓಡ್ತಾನೇ ಇರ್ತವೆ, ಅವು ಮುಗಿಯೋ ತನಕ ಪ್ರೋಗ್ರಾಂ ಕೂಡ ಕ್ಲೋಸ್ ಆಗಲ್ಲ. ಅದಕ್ಕೆ ಮೊದ್ಲು ಒಂದು ಥ್ರೆಡಿಂಗ್ ಇವೆಂಟ್ (ಎಲ್ಲಾ ಥ್ರೆಡ್‌ಗಳಿಗೂ ಕಾಣೋ ಬಾವುಟದ ಥರ) ಮಾಡ್ಕೊಳ್ಳಿ, ಪ್ರತಿ ವರ್ಕರ್ ಥ್ರೆಡ್ ತನ್ನ ಲೂಪ್‌ನಲ್ಲಿ ಅದು ಸೆಟ್ ಆಗಿದ್ಯಾ ಅಂತ ನೋಡ್ತಿರ್ಲಿ, ಆಗಿದ್ರೆ ಲೂಪ್ ಬಿಟ್ಟು ಹೊರಬರ್ಲಿ. ಸ್ಲೀಪ್ ಬದ್ಲು ಅದೇ ಇವೆಂಟ್‌ನ ವೇಟ್ ಬಳಸಿ, ಸೆಟ್ ಆದ ತಕ್ಷಣ ಥ್ರೆಡ್ ಎದ್ದೇಳುತ್ತೆ, ಇದು ತುಂಬಾ ಮುಖ್ಯ. ಮೇನ್‌ನಲ್ಲಿ ಟ್ರೈ ಒಳಗೆ ಜಾಯಿನ್ (ಥ್ರೆಡ್ ಮುಗಿಯೋ ತನಕ ಕಾಯೋದು) ಹಾಕಿ, ಎಕ್ಸೆಪ್ಟ್‌ನಲ್ಲಿ ಇವೆಂಟ್ ಸೆಟ್ ಮಾಡಿ ಮತ್ತೆ ಜಾಯಿನ್ ಮಾಡಿ. ವಿಂಡೋಸ್ ಆದ್ರೆ ಜಾಯಿನ್‌ಗೆ ಟೈಮ್‌ಔಟ್ ಕೊಟ್ಟು ಲೂಪ್‌ನಲ್ಲಿ ಕರೀರಿ, ಇಲ್ಲಾಂದ್ರೆ ಅಲ್ಲೇ ಕೂತ್ಬಿಡಬಹುದು. ಥ್ರೆಡ್‌ನ ಡೀಮನ್ (ಪ್ರೋಗ್ರಾಂ ಮುಗಿಯೋಕೆ ಅಡ್ಡ ಬರದೆ ಅದರ ಜೊತೆಗೇ ನಿಲ್ಲೋದು) ಮಾಡಿದ್ರೆ ಸಾಕು ಅಂತ ಸುಮಾರು ಜನ ಹೇಳ್ತಾರೆ, ಫೈಲ್ ಬರೆಯೋ ಥ್ರೆಡ್‌ಗೆ ಮಾತ್ರ ದಯವಿಟ್ಟು ಹಾಗೆ ಮಾಡ್ಬೇಡಿ, ಅರ್ಧಕ್ಕೇ ನಿಂತೋಗಬಹುದು.